ನಾಲ್ಕು ಹತ್ತಕ್ಕೆ ಖಾಲಿಯಾದ ಕುರ್ಚಿಗಳು

ನನ್ನ ಹೆಂಡತಿ ಡಾಕ್ಟರು. ಆಸ್ಟ್ರೇಲಿಯಾದ ಪರ್ತ್ ನಗರದ ಥಾರ್ನ್ಲಿಯಲ್ಲಿ ನಾವಿದ್ದಾಗ, ಎರಡು ಸಾವಿರದ ಹತ್ತರ ದಶಕದ ನಡುವಿನ ಕೆಲವು ವರ್ಷ, ಅವಳು ವಾರಕ್ಕೆ ಮೂರು ದಿನ ಮಾತ್ರ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ಕಂಟ್ರಿ ಹಾಡುಗಾರ್ತಿಯಾಗಲು ಪ್ರಯತ್ನಿಸುತ್ತಿದ್ದಳು. ಆ ಪ್ರಯತ್ನ ಬ್ರಿಸ್ಬೇನಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೇಗೆ ಕೆಟ್ಟಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ನೆನಪಿರುವಷ್ಟು ಬರೆದಿಡುತ್ತಿದ್ದೇನೆ.

ಮೈಸೂರಿನಲ್ಲಿ ನಾನು ಹನ್ನೆರಡು ವರ್ಷ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅವಳಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಾಗ ರಾಜೀನಾಮೆ ಕೊಟ್ಟು ಜೊತೆಗೆ ಹೊರಟೆ. ಹೊರದೇಶದಲ್ಲಿ ಓದಿ ಬಂದ ಡಾಕ್ಟರುಗಳನ್ನು ಅಲ್ಲಿ ಮೊದಲ ಕೆಲವು ವರ್ಷ ಡಾಕ್ಟರು ಸಿಗದ ಊರುಗಳಿಗೆ ಕಳಿಸುತ್ತಾರೆ. ನಮ್ಮ ಪಾಲಿಗೆ ಬಂದದ್ದು ಪರ್ತ್‌ನಿಂದ ಮೂರು ಗಂಟೆ ದೂರದ, ಗೋಧಿ ಬೆಳೆಯುವ ಒಂದು ಸಣ್ಣ ಊರು. ಒಂದು ಆಸ್ಪತ್ರೆ, ಒಂದು ಪಬ್, ಅಲ್ಲಿಯವರು ಸರ್ವೋ ಎನ್ನುವ ಒಂದು ಪೆಟ್ರೋಲ್ ಬಂಕ್. ಅಲ್ಲಿ ಆಂಬ್ಯುಲೆನ್ಸ್ ಓಡಿಸುತ್ತಿದ್ದ ಮುದುಕನೊಬ್ಬ ಅವಳಿಗೆ ಗಿಟಾರ್ ಹಿಡಿಯುವುದನ್ನು ಕಲಿಸಿದ. ಚಿಕ್ಕಂದಿನಲ್ಲಿ ಎಂಟು ವರ್ಷ ಸಂಗೀತ ಕಲಿತಿದ್ದಳು, ಶ್ರುತಿ ಗಟ್ಟಿಯಾಗಿತ್ತು. ಶುಕ್ರವಾರ ಸಂಜೆ ಪಬ್ಬಿನಲ್ಲಿ ಊರಿನವರು ಹಾಡುವಾಗ ಇವಳೂ ಹಾಡತೊಡಗಿದಳು.

ಕಂಟ್ರಿ ಹಾಡೆಂದರೆ ಹೊಲ, ಲಾರಿ, ಬಿಟ್ಟುಹೋದವರು, ಉಳಿದುಕೊಂಡವರು; ಮೂರು ನಿಮಿಷದಲ್ಲಿ ಒಂದು ಕತೆ. ಆ ಊರಿನ ಡಾಕ್ಟರಿಗೆ ಗೊತ್ತಿಲ್ಲದ ಕತೆ ಇರಲಿಲ್ಲ. ಸುಗ್ಗಿ ಬಂದಾಗಲೆಲ್ಲ ಅದೇ ಕೈಗೆ ಪೆಟ್ಟು ಮಾಡಿಕೊಂಡು ಬರುವ ರೈತನ ಮೇಲೆ ಅವಳು ಇಂಗ್ಲಿಷಿನಲ್ಲಿ ಒಂದು ಹಾಡು ಬರೆದಳು. ಗಂಡನ ಟೋಪಿಯನ್ನು ಕಾರಿನ ಪಕ್ಕದ ಸೀಟಿನಲ್ಲೇ ಇಟ್ಟುಕೊಂಡು ಓಡಾಡುವ ವಿಧವೆಯ ಮೇಲೆ ಇನ್ನೊಂದು. ಅವು ಒಳ್ಳೆಯ ಹಾಡುಗಳೆಂದು ನಾನು ಹೇಳಿದರೆ ಗಂಡನ ಮಾತಾಗುತ್ತದೆ. ಆ ಊರಿನ ಜನ ಅವನ್ನು ಕೇಳಿ ಕಣ್ಣು ಮರೆಸಲು ಬೇರೆ ಕಡೆ ನೋಡುತ್ತಿದ್ದರು ಎಂಬಷ್ಟನ್ನು ಹೇಳಬಲ್ಲೆ.

ಪರ್ತ್‌ಗೆ ಬಂದ ಮೇಲೆ ತೊಂದರೆ ಶುರುವಾಯಿತು. ಆ ದೇಶದಲ್ಲಿ ಕಂಟ್ರಿ ಸಂಗೀತದ ನಿರ್ಧಾರಗಳೆಲ್ಲ ಪೂರ್ವದ ಕಡೆ, ಸಿಡ್ನಿ ಮತ್ತು ಅದರ ಉತ್ತರಕ್ಕಿರುವ ಒಂದೆರಡು ಊರುಗಳಲ್ಲಿ ಆಗುತ್ತವೆ. ನಾವಿದ್ದದ್ದು ಇನ್ನೊಂದು ಕರಾವಳಿ. ನಡುವೆ ವಿಮಾನದಲ್ಲಿ ಐದು ಗಂಟೆ. ಬ್ರಿಸ್ಬೇನಿನಲ್ಲಿ ಆಫೀಸು ತೆರೆಯುವಾಗ ಪರ್ತ್‌ನಲ್ಲಿ ಬೆಳಗಿನ ಏಳು. ಕ್ಲಿನಿಕ್ಕಿಗೆ ಹೊರಡುವ ಮೊದಲು ಅವಳು ಅಡುಗೆಮನೆಯಲ್ಲಿ ನಿಂತು ರೇಡಿಯೋದವರಿಗೆ, ಕಾರ್ಯಕ್ರಮ ಗೊತ್ತುಮಾಡುವವರಿಗೆ ಫೋನ್ ಹಚ್ಚುತ್ತಿದ್ದಳು. ‘ಈ ಕಡೆ ಬಂದಾಗ ಹೇಳಿ’ ಎನ್ನುವುದು ಸಾಮಾನ್ಯ ಉತ್ತರ. ಒಬ್ಬ ಫೋಟೋಗ್ರಾಫರ್ ಸೀರೆ ಉಟ್ಟು ಗಿಟಾರ್ ಹಿಡಿದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದ. ‘ಸೀರೆ ಉಟ್ಕೊಂಡು ನಾನ್ ಆ ಊರಲ್ಲಿ ಒಂದಿನಾನೂ ಇರ್ಲಿಲ್ಲ. ಹಾಡಲ್ಲಿ ಇಲ್ದೇ ಇರೋ ಸೀರೆ ಫೋಟೋದಲ್ಲಿ ಯಾಕೆ?’ ಎಂದು ನನ್ನ ಹತ್ತಿರ ಕೇಳಿದಳು. ಅವನಿಗೆ ಸುಮ್ಮನೆ ಬೇಡ ಎಂದಳು. ಕ್ಲಿನಿಕ್ಕಿಗೆ ಹಾಕಿಕೊಳ್ಳುತ್ತಿದ್ದ ಕಪ್ಪು ಬೂಟಿನಲ್ಲೇ ಹಾಡುತ್ತಿದ್ದಳು.

ಇಂಥ ಎರಡು ವರ್ಷಗಳ ನಂತರ ಒಂದು ಅವಕಾಶ ಬಂತು. ಕ್ವೀನ್ಸ್‌ಲೆಂಡಿನ ಹಿರಿಯ ಗಾಯಕಿಯೊಬ್ಬರು, ಮೂವತ್ತು ವರ್ಷ ಊರೂರು ತಿರುಗಿ ಹೆಸರು ಮಾಡಿದವರು, ತಮ್ಮ ಕಾರ್ಯಕ್ರಮದಲ್ಲಿ ಮೊದಲು ನಲವತ್ತು ನಿಮಿಷ ಹಾಡಲು ಹೊಸಬರೊಬ್ಬರನ್ನು ಹುಡುಕುತ್ತಿದ್ದರು. ಇವಳ ಧ್ವನಿಮುದ್ರಣ ಕೇಳಿ ಅವರೇ ಫೋನ್ ಮಾಡಿದರು. ಬ್ರಿಸ್ಬೇನ್ ಮತ್ತು ಅಡಿಲೇಡಿನಲ್ಲಿ ಒಂದೊಂದು ಕಾರ್ಯಕ್ರಮ. ಸರಿಹೋದರೆ ಆ ವರ್ಷದ ಇಡೀ ಪ್ರವಾಸಕ್ಕೆ ಇವಳೇ. ಅವರ ಮ್ಯಾನೇಜರ್ ಇಷ್ಟು ಸೇರಿಸಿದ: ‘ಬ್ರಿಸ್ಬೇನಿನಲ್ಲಿ ಭಾನುವಾರದ ಮಧ್ಯಾಹ್ನ ಜನ ಸೇರುವುದು ಕಷ್ಟ. ನಿಮಗೆ ಅಲ್ಲಿ ಗೊತ್ತಿರುವವರಿದ್ದರೆ ಕರೆಯಿರಿ. ಕುರ್ಚಿ ತುಂಬಿದರೆ ನಮ್ಮ ಗಾಯಕಿಗೂ ಹುಮ್ಮಸ್ಸು.’

ಕರೆಯುವ ಕೆಲಸವನ್ನು ನಾನು ವಹಿಸಿಕೊಂಡೆ. ಬ್ರಿಸ್ಬೇನಿನಲ್ಲಿ ನನ್ನ ಮೈಸೂರಿನ ಪರಿಚಯದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದ. ನಾವು ಉಳಿದುಕೊಳ್ಳುವುದು ಅವನ ಮನೆಯಲ್ಲೇ ಎಂದಾಗಿತ್ತು. ಅಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪನ್ನು ನೋಡಿಕೊಳ್ಳುತ್ತಿದ್ದವನೂ ಅವನೇ.

‘ಸಾರ್, ನೀವ್ ಮೆಸೇಜ್ ಬರ್ದ್ಕೊಡಿ, ನಾನ್ ಹಾಕ್ತೀನಿ. ಜನದ ಚಿಂತೆ ಬಿಟ್ಬಿಡಿ,’ ಎಂದ. ‘ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲಾ ನಮ್ ಹತ್ರ ರೆಡಿ ಇದೆ. ಸ್ಟೇಜ್ ಮೇಲೇ ಸನ್ಮಾನ ಮಾಡ್ಬಿಡೋಣ.’

ನಾನು ಗಾಬರಿಯಾದೆ. ಪಬ್ಬಿನ ವೇದಿಕೆಯಲ್ಲಿ, ಹಿರಿಯ ಗಾಯಕಿ ಹಾಡಲು ಕಾದು ನಿಂತಿರುವಾಗ, ಇವಳಿಗೆ ಪೇಟ ತೊಡಿಸಿ ಭಾಷಣ ಮಾಡುವ ದೃಶ್ಯ ಕಣ್ಣಿಗೆ ಕಟ್ಟಿತು. ಖಡಾಖಂಡಿತ ಬೇಡವೆಂದೆ. ಬರೆದ ಸಂದೇಶದಲ್ಲಿ ಅದನ್ನೂ ಸೇರಿಸಿದೆ. ಡೆಸ್ಕಿನಲ್ಲಿ ಬರೆಯುತ್ತಿದ್ದಂತೆಯೇ ಬರೆದೆ: ಯಾರು, ಏನು, ಎಲ್ಲಿ, ಎಷ್ಟು ಹೊತ್ತಿಗೆ. ಫೋರ್ಟಿಟ್ಯೂಡ್ ವ್ಯಾಲಿಯ ಪಬ್ಬಿನ ವಿಳಾಸ, ರೈಲು ಇಳಿದು ಬರುವ ದಾರಿ. ಹಾಡು ಮೂರೂವರೆಗೆ ಸರಿಯಾಗಿ ಆರಂಭ, ನಾಲ್ಕು ಹತ್ತಕ್ಕೆ ಮುಕ್ತಾಯ. ಹೊರಗಿನ ತಿಂಡಿ ತರಬೇಡಿ. ವೇದಿಕೆಯ ಮೇಲೆ ಶಾಲು, ಹಾರ, ಭಾಷಣ ಇಲ್ಲ. ಎರಡು ಸಲ ಓದಿ ಕಳಿಸಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ಗಿಟಾರಿನ ತಂತಿ ಬದಲಿಸುತ್ತಿದ್ದಳು. ‘ಸರಿಯಾಗಿದೆ,’ ಎಂದಳು.

ಅದರಲ್ಲಿ ಹಿರಿಯ ಗಾಯಕಿಯ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ.

ಆ ಭಾನುವಾರ ನಲವತ್ತಕ್ಕೂ ಹೆಚ್ಚು ಮಂದಿ ಕನ್ನಡದವರು ಬಂದರು. ಇಡೀ ಸಭಾಂಗಣದಲ್ಲಿ ಅರ್ಧದಷ್ಟು ಅವರೇ. ಮಕ್ಕಳು, ಊರಿನಿಂದ ಬಂದಿದ್ದ ಅತ್ತೆ ಮಾವಂದಿರು, ಮುಂದಿನ ನಾಲ್ಕು ಸಾಲು ತುಂಬಿ ಕುಳಿತರು. ಎಲ್ಲರೂ ಟಿಕೆಟ್ ಕೊಂಡೇ ಬಂದಿದ್ದರು. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, ‘ಇಂಥ ಆರ್ವೋ ನಾನು ಈ ಊರಲ್ಲಿ ನೋಡಿಲ್ಲ,’ ಎಂದ. ಮಧ್ಯಾಹ್ನಕ್ಕೆ ಅವರು ಹೇಳುವ ಮಾತು ಅದು.

ಅವಳು ಚೆನ್ನಾಗಿ ಹಾಡಿದಳು. ಟೋಪಿಯ ಹಾಡಿಗೆ ಬಾರಿನ ಹತ್ತಿರ ನಿಂತಿದ್ದ ಸ್ಥಳೀಯರೂ ಮಾತು ನಿಲ್ಲಿಸಿದರು. ಕೊನೆಯ ಹಾಡು ಮುಗಿಯುತ್ತಲೇ ನಮ್ಮವರ ಸಾಲಿನಿಂದ ‘ಒನ್ಸ್ ಮೋರ್! ಒನ್ಸ್ ಮೋರ್!’ ಎಂದು ಕೂಗು ಎದ್ದಿತು. ಅವಳು ಗಡಿಯಾರ ನೋಡಿ, ಕೈಮುಗಿದು, ಇಳಿದುಬಿಟ್ಟಳು. ಸಮಯ ನಾಲ್ಕು ಒಂಬತ್ತು. ಗಂಡಾಂತರ ಕಳೆಯಿತೆಂದು ನಾನು ಉಸಿರು ಬಿಟ್ಟೆ.

ಆಗ ಕುರ್ಚಿಗಳು ಸರಿದ ಸದ್ದು ಕೇಳಿತು. ನಮ್ಮವರು ಏಳುತ್ತಿದ್ದರು. ಒಬ್ಬಿಬ್ಬರಲ್ಲ, ನಾಲ್ಕೂ ಸಾಲು. ಮಕ್ಕಳ ಚೀಲ, ನೀರಿನ ಬಾಟಲಿ ಎತ್ತಿಕೊಂಡು, ನನಗೆ ಹೆಬ್ಬೆರಳು ತೋರಿಸುತ್ತ ಬಾಗಿಲ ಕಡೆ ಹೊರಟರು. ನಾನು ಓಡಿಹೋಗಿ ಬಾಗಿಲಲ್ಲಿ ನಮ್ಮ ಇಂಜಿನಿಯರನ್ನು ಹಿಡಿದೆ.

‘ಎಲ್ಲಿಗ್ರೀ? ಈಗ ಮೇನ್ ಶುರು ಆಗೋದು!’

‘ಮೇನ್ ಆಯ್ತಲ್ಲ ಸಾರ್, ಸೂಪರಾಗಿ ಹಾಡಿದ್ರು ಮೇಡಂ. ಇವತ್ ಮಗಳ ಬರ್ತ್‌ಡೇ ಅಲ್ವಾ, ಕೇಕ್ ಕಟಿಂಗ್ ಐದೂವರೆಗೆ ಇಟ್ಟಿದೀನಿ. ಎಲ್ರೂ ಮನೇಗೇ ಬರ್ತಿದಾರೆ.’

‘ಅರ್ಧ ಗಂಟೆನಾದ್ರೂ ಕೂರ್ಸಿ. ಅವ್ರು ಏನಂದ್ಕೋತಾರೆ?’

‘ನೀವೇ ಬರ್ದಿದ್ರಲ್ಲ ಸಾರ್, ನಾಲ್ಕ್ ಹತ್ತಕ್ಕೆ ಮುಕ್ತಾಯ ಅಂತ! ಅದನ್ನ್ ನೋಡೇ ನಾನ್ ಟೈಮ್ ಫಿಕ್ಸ್ ಮಾಡಿದ್ದು.’

ಅವನ ಹಿಂದೆ ನಿಂತಿದ್ದ ಒಬ್ಬ ಹಿರಿಯರು, ಮಗಳ ಮನೆಗೆ ಬಂದವರು, ‘ಏನಪ್ಪಾ, ಇನ್ನೊಬ್ರು ಹಾಡೋರು ಬೇರೆ ಇದಾರಾ? ಪಾಪ,’ ಎಂದರು. ಅವರ ಮಗಳು, ‘ಬಾಪ್ಪಾ, ಪಾರ್ಕಿಂಗ್ ಟೈಮ್ ಮುಗೀತು,’ ಎಂದು ಕೈಹಿಡಿದು ಕರೆದೊಯ್ದಳು.

ಅವರಲ್ಲಿ ಯಾರಿಗೂ ತಾವು ತಪ್ಪು ಮಾಡುತ್ತಿದ್ದೇವೆಂದು ಅನ್ನಿಸಿರಲಿಲ್ಲ. ನಮ್ಮ ಕನ್ನಡ ಕೂಟದ ಸಮಾರಂಭಗಳಲ್ಲಿ ನಡೆಯುವುದೇ ಹಾಗೆ. ಮೂವತ್ತು ಐಟಂ ಇರುತ್ತವೆ. ತಮ್ಮ ಮಗುವಿನ ನೃತ್ಯ ಮುಗಿಯುತ್ತಲೇ ಆ ಮನೆಯವರು, ಅವರ ಸ್ನೇಹಿತರು ಎದ್ದು ಹೋಗುತ್ತಾರೆ. ಯಾರೂ ಬೇಸರಪಡುವುದಿಲ್ಲ, ಏಕೆಂದರೆ ಮುಂದಿನ ಮಗುವಿನ ಮನೆಯವರು ಆಗಷ್ಟೇ ಒಳಗೆ ಬರುತ್ತಿರುತ್ತಾರೆ. ನಾನೂ ಅವಳೂ ಪರ್ತ್‌ನಲ್ಲಿ ಎಷ್ಟೋ ಸಲ ಹಾಗೆ ಎದ್ದು ಬಂದಿದ್ದೆವು. ಸಂದೇಶ ಬರೆಯುವಾಗ ಇದು ನನಗೆ ಹೊಳೆಯಬೇಕಿತ್ತು. ಪೇಟ ಮತ್ತು ಹಣ್ಣಿನ ಬುಟ್ಟಿಯನ್ನು ತಡೆದ ಸಮಾಧಾನದಲ್ಲಿ ಹೊಳೆಯಲಿಲ್ಲ.

ಹಿರಿಯ ಗಾಯಕಿ ವೇದಿಕೆಗೆ ಬಂದಾಗ ಮುಂದಿನ ನಾಲ್ಕು ಸಾಲು ಖಾಲಿ. ಅವರು ಒಂದು ಕ್ಷಣ ಆ ಕುರ್ಚಿಗಳನ್ನು ನೋಡಿದರು. ಆಮೇಲೆ ಬಾರಿನ ಕಡೆಗೆ, ‘ಏನ್ರಪ್ಪಾ, ಅಷ್ಟು ದೂರ ನಿಂತರೆ ನಾನು ಕೂಗಬೇಕಾಗುತ್ತೆ. ಮುಂದೆ ಬನ್ನಿ,’ ಎಂದು ನಗುತ್ತ ಕರೆದರು. ಜನ ಬಂದರು. ಒಂದು ಸಾಲು ತುಂಬಿತು, ಎರಡನೆಯದು ಅರ್ಧ. ಒಂದೂಕಾಲು ಗಂಟೆ ಒಂದು ಹಾಡನ್ನೂ ಕಡಿಮೆ ಮಾಡದೆ ಹಾಡಿದರು.

ನನ್ನ ಹೆಂಡತಿ ವೇದಿಕೆಯ ಪಕ್ಕದಲ್ಲಿ ಮ್ಯಾನೇಜರನ ಜೊತೆ ನಿಂತಿದ್ದಳು. ನಾನು ಹೋಗಿ ಸೇರಿಕೊಂಡೆ. ಅವನು ಸಿಟ್ಟಿನಿಂದೇನೂ ಮಾತಾಡಲಿಲ್ಲ. ‘ನಿಮ್ಮ ಜನ ಎಲ್ಲಿ ಹೋದರು?’ ಎಂದು ಕೇಳಿದ.

‘ಹೊರಟುಹೋದರು. ಕೊನೆಯವರೆಗೂ ಇರಿ ಅಂತ ಹೇಳಬೇಕಿತ್ತು. ನನ್ನ ತಪ್ಪು,’ ಎಂದಳು ಅವಳು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಸಂದೇಶ ಬರೆದವನು ನಾನೆಂದು ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಲಿಲ್ಲ. ಏಕೆಂದು ಆಗಲೂ ಗೊತ್ತಿರಲಿಲ್ಲ, ಈಗ ಏನು ಬರೆದರೂ ಅದು ಆಮೇಲೆ ಹೊಂದಿಸಿದ ಕಾರಣವಾಗುತ್ತದೆ.

ಆ ಸಂಜೆ ನಾವು ಹೋಗಬೇಕಾದದ್ದೂ ಅದೇ ಹುಟ್ಟುಹಬ್ಬದ ಮನೆಗೆ. ನಮ್ಮ ಚೀಲಗಳು ಅಲ್ಲಿದ್ದವು. ಬಾಗಿಲು ತೆರೆಯುತ್ತಲೇ ಚಪ್ಪಾಳೆ. ಕೇಕ್ ಆಗಲೇ ಕತ್ತರಿಸಿ ಆಗಿತ್ತು. ಹಿತ್ತಲಿನಲ್ಲಿ, ಅಲ್ಲಿಯವರು ಬಾರ್ಬಿ ಎನ್ನುವ ಬಾರ್ಬೆಕ್ಯೂ ಒಲೆಯ ಮೇಲೆ ಜೋಳದ ತೆನೆ ಸುಡುತ್ತಿದ್ದರು. ‘ಮೇಡಂ, ನಿಮ್ದೇ ಬೆಸ್ಟು. ಆ ಯಮ್ಮನ್ನ ಯಾರ್ ಕೇಳ್ತಾರೆ,’ ಎಂದ ಒಬ್ಬ. ಇಂಜಿನಿಯರನ ಹೆಂಡತಿ ಒಳಗಿನಿಂದ ತಟ್ಟೆ ತಂದಳು. ಶಾಲು, ಹಣ್ಣು, ಪೇಟ.

‘ಸ್ಟೇಜ್ ಮೇಲ್ ಬೇಡ ಅಂದ್ರಲ್ಲ ಸಾರ್, ಇಲ್ ಬೇಡ ಅನ್ಬೇಡಿ,’ ಎಂದ ಅವನು.

ಅವಳು ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿದಳು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಫೋಟೋ ಆಯಿತು. ಹುಟ್ಟುಹಬ್ಬದ ಹುಡುಗಿ ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು, ‘ಆಂಟಿದೂ ಬರ್ತ್‌ಡೇನಾ?’ ಎಲ್ಲರೂ ನಕ್ಕರು. ಮಧ್ಯಾಹ್ನ ಬಾಗಿಲಲ್ಲಿ ಮಾತಾಡಿಸಿದ್ದ ಹಿರಿಯರು, ‘ಇಂಗ್ಲಿಷ್ ನಂಗ್ ಅಷ್ಟ್ ತಿಳೀಲಿಲ್ಲಮ್ಮಾ. ಒಂದ್ ಭಾವಗೀತೆ ಹೇಳು,’ ಎಂದರು. ಅವಳು ಪೇಟ ತೆಗೆಯದೆಯೇ ಹಾಡಿದಳು. ಎರಡು ಚರಣವಾದ ಮೇಲೆ ಮೂರನೆಯದು ಮರೆತುಹೋಗಿದೆಯೆಂದು ನಿಲ್ಲಿಸಿದಳು. ಆ ಹಾಡು ಅವಳಿಗೆ ಮರೆಯುವಂಥದ್ದಲ್ಲ.

ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ನಾನು, ‘ತಪ್ಪು ನಂದು ಅಂತ ಆ ಮ್ಯಾನೇಜರ್ ಹತ್ರ ನಾನೇ ಹೇಳ್ಬೇಕಿತ್ತು,’ ಎಂದೆ.

‘ಹೂಂ,’ ಎಂದಳು. ಶಾಲನ್ನು ಮಡಿಸಿ ಚೀಲದೊಳಗಿಟ್ಟಳು. ‘ಅಡಿಲೇಡಲ್ಲಿ ಯಾರಿಗೂ ಹೇಳ್ಬೇಡ.’

ಅಡಿಲೇಡಿನ ಕಾರ್ಯಕ್ರಮ ಮುಂದಿನ ಶನಿವಾರ, ಬಂದರಿನ ಹತ್ತಿರದ ಹಳೆಯ ಪಬ್ಬೊಂದರ ಮಹಡಿಯಲ್ಲಿ. ಅಲ್ಲಿ ನಾವು ಉಳಿದದ್ದು ಅವಳ ಮೆಡಿಕಲ್ ಕಾಲೇಜಿನ ಗೆಳತಿಯ ಮನೆಯಲ್ಲಿ. ಗೆಳತಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಬಾಯಿ ಜೋರು.

‘ಏನೇ, ಬ್ರಿಸ್ಬೇನಲ್ಲಿ ಜಾತ್ರೆ ಮಾಡ್ಸಿ ನಮ್ಗೆ ಒಂದ್ ಮಾತೂ ಹೇಳ್ಲಿಲ್ಲ? ಪೇಟ ಹಾಕಿರೋ ಫೋಟೋ ನೋಡ್ದೆ ಕಣೇ, ದಿವಾನ್ರ ಥರ ಇದೀಯ. ಇಲ್ಲೂ ಒಂದಿಪ್ಪತ್ ಜನ ಕರೀಲಾ?’

‘ಬೇಡ್ವೇ. ನೀನೊಬ್ಳು ಬಾ. ಬಂದ್ರೆ ಕೊನೇ ಹಾಡಿನ್ ತನಕ ಏಳ್ಕೂಡ್ದು.’

‘ಆಪರೇಷನ್ ಟೇಬಲ್ ಪಕ್ಕ ಎಂಟೆಂಟ್ ಗಂಟೆ ಕೂರ್ತೀನಿ. ನಿನ್ ಹಾಡಿಗ್ ಕೂರಕ್ ಆಗಲ್ವಾ?’

ಅವಳು ಬಂದಳು, ಕೂತಳು, ಕೊನೆಯವರೆಗೂ ಇದ್ದಳು. ಉಳಿದಂತೆ ನನ್ನ ಹೆಂಡತಿ ಹಾಡುವಾಗ ಅಲ್ಲಿ ಎಣಿಸಿ ಹನ್ನೊಂದು ಮಂದಿ ಇದ್ದರು. ಹಿರಿಯ ಗಾಯಕಿಯ ಅಭಿಮಾನಿಗಳು ಅವರ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು. ಅವರಿಗಾಗಿ ಬಂದವರು ಇವಳನ್ನು ಕೇಳಲಿಲ್ಲ, ಬ್ರಿಸ್ಬೇನಿನಲ್ಲಿ ಇವಳಿಗಾಗಿ ಬಂದವರು ಅವರನ್ನು ಕೇಳಿರಲಿಲ್ಲ. ಒಬ್ಬರ ಜನ ಇನ್ನೊಬ್ಬರಿಗೆ ದಕ್ಕಲೆಂದೇ ಮೊದಲು ಹಾಡುವವರನ್ನು ಇಟ್ಟುಕೊಳ್ಳುತ್ತಾರೆ ಎಂಬುದು ನನಗೆ ಅಂದು, ಆ ಮೆಟ್ಟಿಲ ಹತ್ತಿರ, ಅರ್ಥವಾಯಿತು.

ಕಾರ್ಯಕ್ರಮದ ನಂತರ ಹಿರಿಯ ಗಾಯಕಿ ಹೊರಗಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಹತ್ತಿರ ಹೋದೆ. ಬ್ರಿಸ್ಬೇನಿನಲ್ಲಿ ಜನರನ್ನು ಕರೆದವನು ನಾನು. ಹಾಡು ಮುಗಿಯುವ ಸಮಯ ಬರೆದೆ, ನಿಮ್ಮ ಹೆಸರು ಬರೆಯಲಿಲ್ಲ. ಅವಳದೇನೂ ತಪ್ಪಿಲ್ಲ ಎಂದೆ. ನಮ್ಮ ಕೂಟದ ಸಮಾರಂಭಗಳ ಪದ್ಧತಿಯನ್ನೂ ವಿವರಿಸಲು ಹೊರಟೆ.

ಅವರು ಕೈಯೆತ್ತಿ ನಿಲ್ಲಿಸಿದರು. ‘ನಾನು ಕುರಿ ಕತ್ತರಿಸುವ ಕೊಟ್ಟಿಗೆಯಲ್ಲಿ ನಾಲ್ಕು ಜನಕ್ಕೆ, ಎರಡು ನಾಯಿಗಳಿಗೆ ಹಾಡಿದ್ದೇನೆ. ಖಾಲಿ ಕುರ್ಚಿ ನನಗೆ ಹೊಸದಲ್ಲ.’ ಒಂದು ಗುಟುಕು ಚಹಾ ಕುಡಿದು, ‘ಆದರೆ ಎದ್ದು ಹೋಗುವುದನ್ನು ನೋಡುವುದು ಬೇರೆ. ಅದು ಸ್ವಲ್ಪ ಚುಚ್ಚಿತು,’ ಎಂದರು. ಆಮೇಲೆ, ‘ನಿಮ್ಮ ಹೆಂಡತಿ ಒಳ್ಳೆಯ ಹಾಡು ಬರೆಯುತ್ತಾಳೆ. ನಿಮ್ಮ ತಪ್ಪೆಂದು ಅವಳು ನನಗೆ ಹೇಳಲಿಲ್ಲ, ನೋಡಿ,’ ಎಂದರು. ಚಹಾದ ಲೋಟ ಹಿಡಿದು ಒಳಗೆ ಹೋದರು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮಾರನೆಯ ದಿನ ತಿದ್ದುಪಡಿ ಹಾಕುತ್ತಿದ್ದೆವು. ಅಷ್ಟರಲ್ಲಿ ಓದುವವರು ತಪ್ಪನ್ನೇ ಓದಿ ಆಗಿರುತ್ತಿತ್ತು. ನಾನು ತಿದ್ದಿದ್ದು ಆರು ದಿನ ತಡವಾಗಿ.

ಮ್ಯಾನೇಜರನ ಇಮೇಲ್ ಬಂದದ್ದು ನಾವು ಪರ್ತ್‌ಗೆ ವಾಪಸಾದ ಮೂರನೆಯ ವಾರ. ಆ ಮೂರು ವಾರ ಅವಳು ಬೆಳಗ್ಗೆ ಏಳಕ್ಕೆ ಯಾರಿಗೂ ಫೋನ್ ಮಾಡಲಿಲ್ಲ. ಒಂದು ಭಾನುವಾರ ಪರ್ತ್‌ನ ಹೊರವಲಯದ ಎಲೆನ್‌ಬ್ರೂಕಿನಲ್ಲಿ, ಊಟವೂ ಸಿಗುವ ಟ್ಯಾವರ್ನ್ ಎಂಬ ಪಬ್ಬೊಂದರಲ್ಲಿ ಹಾಡಿ ಬಂದಳು, ಮೊದಲೇ ಒಪ್ಪಿಕೊಂಡದ್ದು. ಜನ ಊಟ ಮಾಡುತ್ತಿದ್ದರಂತೆ.

ಇಮೇಲ್ ಬಂದಾಗ ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು ಫೋನಿನಲ್ಲಿ ಓದಿದಳು. ನನಗೆ ಕೊಟ್ಟಳು. ಐದು ಸಾಲು. ಹಾಡುಗಳನ್ನು ಮೆಚ್ಚಿದ್ದರು. ಪ್ರವಾಸಕ್ಕೆ ಪೂರ್ವದಲ್ಲೇ ಇರುವ, ಕಾರಿನಲ್ಲಿ ಬಂದುಹೋಗಬಲ್ಲ ಒಬ್ಬರನ್ನು ಆರಿಸಿಕೊಂಡಿದ್ದಾರಂತೆ. ಪರ್ತ್ ಬಹಳ ದೂರ. ಅದೊಂದೇ ಕಾರಣ ಎಂದಿತ್ತು.

ನಾನು ಎರಡು ಸಲ ಓದಿದೆ. ಅದೊಂದೇ ಎಂಬ ಮಾತು ಅಲ್ಲಿ ಏಕಿದೆ ಎಂದು ಯೋಚಿಸಿದೆ. ಪರ್ತ್ ಎಷ್ಟು ದೂರವೆಂದು ಅವಳನ್ನು ಕರೆಯುವಾಗಲೂ ಅವರಿಗೆ ಗೊತ್ತಿತ್ತು. ಆ ಮ್ಯಾನೇಜರನಿಗೆ ಫೋನ್ ಮಾಡಿ ನೇರವಾಗಿ ಕೇಳಬಹುದಿತ್ತು. ಅಂಥ ಪ್ರಶ್ನೆ ಕೇಳಿಯೇ ಹನ್ನೆರಡು ವರ್ಷ ಸಂಬಳ ತೆಗೆದುಕೊಂಡವನು ನಾನು.

‘ಕೇಳ್ಲಾ?’ ಎಂದೆ.

‘ಏನಂತ?’

‘ನಿಜವಾಗ್ಲೂ ದೂರದಿಂದಾನಾ, ಇಲ್ಲಾ ಆ ಭಾನುವಾರದಿಂದಾನಾ ಅಂತ.’

ಅವಳು ಮತ್ತೆ ಚಾಕು ಹಿಡಿದಳು. ನಾಲ್ಕೈದು ಕಾಯಿ ಹೆಚ್ಚಿದಳು.

‘ಭಾನುವಾರದಿಂದ ಅಂತ ಅವ್ನು ಹೇಳಿದ ಅಂದ್ಕೋ. ಆಮೇಲೂ ನೀನೂ ನಾನೂ ಇದೇ ಮನೇಲಿ ಇರ್ಬೇಕಲ್ಲ. ಕೇಳ್ಬೇಡ,’ ಎಂದಳು. ‘ದೂರ ಅಂತ್ಲೇ ಇಟ್ಕೊಳ್ಳೋಣ.’

ನಾನು ಕೇಳಲಿಲ್ಲ. ಧನ್ಯವಾದದ ಉತ್ತರವನ್ನು ಅವಳೇ ಬರೆದಳು, ನನಗೆ ತೋರಿಸಲಿಲ್ಲ. ಮುಂದಿನ ತಿಂಗಳಿನಿಂದ ವಾರಕ್ಕೆ ಐದು ದಿನ ಬರುತ್ತೇನೆಂದು ಕ್ಲಿನಿಕ್ಕಿಗೆ ತಿಳಿಸಿದಳು. ಆಮೇಲೆ ಅಲ್ಲಿ ಇಲ್ಲಿ ಹಾಡಿದಳು, ಹಾಡನ್ನೂ ಬರೆದಳು. ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಅವಳು ಹೇಳಿದರೆ ಹೋಗುತ್ತಿದ್ದೆ; ಕೆಲವೊಮ್ಮೆ ಹೇಳುತ್ತಿರಲಿಲ್ಲ.